ದುರಸ್ತಿಯಾದ ಮೋಟಾರು ಹೊರಡಲೊಲ್ಲದಾಗ

ಮೋಟಾರು ಬಂಡಿಯನ್ನು ದುರಸ್ತಿಗೆ ಕೊಟ್ಟು, ಹಣ ತೆತ್ತು, ಮನೆಗೆ ತಂದ ಮೇಲೆ ಅದು ಮೊದಲಿಗಿಂತಲೂ ಹೆಚ್ಚು ಹಟ ಮಾಡುವುದುಂಟು. ಯಜಮಾನನು ಮೆಕ್ಯಾನಿಕ್ಕನನ್ನು ದೂರುತ್ತಾನೆ. ಮೆಕ್ಯಾನಿಕ್ಕನು ಬ್ಯಾಟರಿಯನ್ನೋ ಪೆಟ್ರೋಲನ್ನೋ ದೂರುತ್ತಾನೆ. ಈ ವ್ಯಾಜ್ಯವನ್ನು ತೀರಿಸಬಲ್ಲ ಸಾಕ್ಷಿ ಯಂತ್ರವೊಂದೇ. ಅದರ ಹೇಳಿಕೆಯನ್ನು ಕೇಳುವ ಬಗೆ ಯಾವುದೆಂಬುದನ್ನು ಈ ಹೊತ್ತು ವಿಚಾರಮಾಡೋಣ.

ನಮ್ಮಲ್ಲಿ ಕಾಕತಾಳೀಯವೆಂಬ ನ್ಯಾಯವುಂಟು. ಕಾಗೆ ಕುಳಿತದ್ದೂ ತಾಳೆಯ ಹಣ್ಣು ಬಿದ್ದದ್ದೂ ಒಂದೇ ಕ್ಷಣವಾದ ಮಾತ್ರಕ್ಕೆ ಹಣ್ಣನ್ನು ಬೀಳಿಸಿದುದು ಕಾಗೆಯೇ ಎನ್ನಲಾಗದು. ದುರಸ್ತಿಯ ಅನಂತರ ಕಂಡ ದೋಷವೆಲ್ಲ ದುರಸ್ತಿಯಿಂದಲೇ ಹುಟ್ಟಿತೆನ್ನುವುದೂ ಹಾಗೆಯೇ. ಆದರೆ ವಿಚಾರಣೆಯಿಲ್ಲದೆ ಕಾಗೆಯನ್ನು ಬಿಟ್ಟುಬಿಡುವುದೂ ವಿವೇಕವಲ್ಲ. ಕೈ ಎಲ್ಲಿ ಆಡಿತೋ ಅಲ್ಲಿ ಮೊದಲು ನೋಡಬೇಕು. ಅಲ್ಲಿ ಎಲ್ಲವೂ ಸರಿಯಿದ್ದರೆ ಮುಂದಕ್ಕೆ ಹೋಗಬೇಕು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಮಂಡ್ಯದಲ್ಲಿ ಸಿಲಿಂಡರ್ ಹೆಡ್ಡನ್ನು ಬಿಚ್ಚಿ ಗ್ಯಾಸ್ಕೆಟ್ಟನ್ನು ಬದಲಾಯಿಸಿದ ಕಾರೊಂದು ಮಳವಳ್ಳಿಗೆ ಹೊರಡಬೇಕಾಗಿದೆ. ಕೀಲಿಯನ್ನು ತಿರುಗಿಸಿದಾಗ ಯಂತ್ರವು ಸುತ್ತುವ ರೀತಿಯೇ ಮೊದಲನೆಯ ಸಾಕ್ಷ್ಯ. ಆಯಾಸದಿಂದ ನಿಧಾನವಾಗಿ ಸುತ್ತಿದರೆ ಅದಕ್ಕೆ ವಿದ್ಯುತ್ತು ಸಾಲದು. ಬಿಚ್ಚಿ ಕಟ್ಟಿದ ಬ್ಯಾಟರಿಯ ತುದಿಗಳೂ ಅರ್ತ್ ತಂತಿಯೂ ಬಿಗಿಯಾಗಿವೆಯೇ ಎಂದು ನೋಡತಕ್ಕದ್ದು. ಪೂರ್ಣ ಚಾರ್ಜಾದ ಬ್ಯಾಟರಿಯು ಸುಮ್ಮನಿರುವಾಗ ಸುಮಾರು 12.6 ವೋಲ್ಟು ತೋರಿಸುವುದು. ಯಂತ್ರವನ್ನು ಸುತ್ತಿಸುವಾಗ 9.6ಕ್ಕೂ ಕೆಳಗಿಳಿದರೆ ಬ್ಯಾಟರಿಯ ಮೇಲೆ ಸಂಶಯಪಡಬಹುದು. ಚುರುಕಾಗಿ ಸುತ್ತಿಯೂ ಹೊತ್ತಿಕೊಳ್ಳದಿದ್ದರೆ ಕಿಡಿಯಿಲ್ಲ, ಇಲ್ಲವೆ ಇಂಧನವಿಲ್ಲ. ಹಳೆಯ ಅಂಬಾಸಿಡರ್ ಗಾಡಿಯಲ್ಲಿ ಕಿಡಿಯ ಸರದಿ 1-3-4-2. ಎರಡು ತಂತಿಗಳು ಅದಲುಬದಲಾದರೂ ಯಂತ್ರ ತಡವರಿಸುತ್ತದೆ. ಹೊತ್ತಿಕೊಂಡು ಕೂಡಲೇ ಆರಿದರೆ ಗಾಳಿಯ ಕೊಳವೆಯೊಂದು ಕಳಚಿಕೊಂಡಿರಬಹುದು. ಸುತ್ತುವ ಲಯವೇ ಕುಂಟಿದರೆ ಒಂದು ಸಿಲಿಂಡರಿನ ಕವಾಟವು ಪೂರ್ತಿಯಾಗಿ ಮುಚ್ಚುತ್ತಿಲ್ಲವೇನೋ ಎಂದು ಒತ್ತಡವನ್ನು ಅಳೆಯಿಸಬೇಕು.

ಕಾರು ಹೇಗೋ ಹೊರಟಿತು. ಸುಮಾರು 20 ಕಿಲೋಮೀಟರು ಸಾಗಿ ಮದ್ದೂರನ್ನು ಸೇರಿತು. ವಡೆ ತಿಂದು ಕಾಫಿ ಕುಡಿದು ಬರುವಷ್ಟರಲ್ಲಿ ಮತ್ತೆ ಹಟ ಹಿಡಿಯಿತೆನ್ನಿ. ಇದು ಬಿಸಿಯ ದೋಷ. ನಿಂತ ಯಂತ್ರದ ಶಾಖಕ್ಕೆ ಕೊಳವೆಯ ಪೆಟ್ರೋಲು ಆವಿಯಾಗಿರಬಹುದು, ಇಲ್ಲವೆ ಇಂಜೆಕ್ಟರ್ ಸೋರಿ ಪೆಟ್ರೋಲು ಅತಿಯಾಗಿರಬಹುದು. ಮದ್ದೂರಿನಲ್ಲಿ ತಕರಾರಿಲ್ಲದೆ ಹೊರಟು, ಮಳವಳ್ಳಿಯಲ್ಲಿ ರಾತ್ರಿ ಕಳೆದ ಮೇಲೆ ಮುಂಜಾನೆ ಮಾತ್ರ ಹಟ ಮಾಡಿದರೆ ಅದು ತಣ್ಣನೆಯ ದೋಷ. ಈಗಿನ ಗಾಡಿಗಳಲ್ಲಿ ಯಂತ್ರದ ಉಷ್ಣವನ್ನು ತಿಳಿಸುವ ಸೆನ್ಸರಿನ ತಂತಿಯನ್ನು ಮತ್ತೆ ಸಿಕ್ಕಿಸಲು ಮರೆತಿದ್ದರೆ, ಗಣಕವು ತಪ್ಪು ಅಳತೆಯಲ್ಲಿ ಪೆಟ್ರೋಲನ್ನು ಬಡಿಸುತ್ತದೆ. ಕೀಲಿಯನ್ನು ಅರ್ಧ ತಿರುಗಿಸಿ, ಪಂಪಿನ ಗುಂಯ್ ಸದ್ದು ನಿಂತ ಮೇಲೆ ಆರಿಸಿ, ಹೀಗೆ ಎರಡು ಮೂರು ಬಾರಿ ಮಾಡಿದರೆ ಸಲೀಸಾಗಿ ಹೊರಡುವುದೋ? ಹಾಗಾದರೆ ಕೊಳವೆಯಲ್ಲಿ ಇಂಧನದ ಒತ್ತಡ ರಾತ್ರಿಯೆಲ್ಲ ನಿಲ್ಲುತ್ತಿಲ್ಲವೆಂದು ಊಹಿಸಬಹುದು. ಎಲ್ಲಿ, ಯಾವಾಗ, ಎಷ್ಟು ಹೊತ್ತು ನಿಂತ ಮೇಲೆ ಎಂಬ ವಿವರವನ್ನು ಬರೆದಿಟ್ಟುಕೊಂಡ ಯಜಮಾನನು ಅರ್ಧ ರೋಗವನ್ನು ತಾನೇ ಗುರುತಿಸಿದಂತೆ.

ಇನ್ನು ಕಾಗೆ ನಿರಪರಾಧಿಯಾಗಿರುವ ಸಂದರ್ಭವೂ ಉಂಟು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿಯನ್ನು ಕಂಡ ಮಂಡ್ಯದ ಜನಕ್ಕೆ ಕಾಕಂಬಿ ಹೊಸದಲ್ಲ. ಅದರಿಂದಲೂ ತೆಗೆಯುವ ಎಥನಾಲು ಈಗ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಬೆರೆತಿರುತ್ತದೆ. ಎಥನಾಲು ನೀರನ್ನು ಹೀರುವ ಪದಾರ್ಥ. ಗಾಡಿ ಷೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಂತು, ಟ್ಯಾಂಕಿನಲ್ಲಿ ನೀರು ಮಿತಿಮೀರಿ ಸೇರಿದರೆ, ಎಥನಾಲು ಅದರೊಡನೆ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಪಂಪು ಎಳೆಯುವುದೂ ತಳದಿಂದಲೇ. ಇಲ್ಲಿ ತಪ್ಪು ಸ್ಪ್ಯಾನರಿನದಲ್ಲ, ಕಾಲದ್ದು.

ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಒಂದೇ ಸಮನೆ ಹತ್ತು ಸೆಕೆಂಡಿಗಿಂತ ಹೆಚ್ಚು ಕೀಲಿಯನ್ನು ಹಿಡಿಯಬಾರದು. ಸ್ಟಾರ್ಟರು ಸುಡುವುದಲ್ಲದೆ, ಉರಿಯದ ಪೆಟ್ರೋಲು ಹೊಗೆಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತದೆ. ಪೆಟ್ರೋಲಿನ ವಾಸನೆಯಿರುವೆಡೆ ಕಿಡಿಯನ್ನು ಪರೀಕ್ಷಿಸಲೇಬಾರದು.

ಇಷ್ಟೆಲ್ಲ ಜಾಗರೂಕತೆ ಏತಕ್ಕೆಂದು ಕೇಳಬಹುದು. ಮಳವಳ್ಳಿಯ ಕಡೆಯ ಹಳ್ಳಿಯೊಂದರಿಂದ ನಡುರಾತ್ರಿಯಲ್ಲಿ ಹೆರಿಗೆಯ ನೋವುಣ್ಣುವ ಹೆಣ್ಣುಮಗಳನ್ನು ಮಂಡ್ಯದ ಆಸ್ಪತ್ರೆಗೆ ಒಯ್ಯಬೇಕಾದಾಗ, ಕೀಲಿಯ ಒಂದು ತಿರುವಿನಲ್ಲಿ ಎರಡು ಜೀವಗಳಿರುತ್ತವೆ. ಆಗ ವ್ಯಾಜ್ಯಕ್ಕೆ ಹೊತ್ತಿಲ್ಲ. ಆದುದರಿಂದ ಹಗಲಿನಲ್ಲಿಯೇ, ಯಜಮಾನನೂ ಮೆಕ್ಯಾನಿಕ್ಕನೂ ಜೊತೆಯಾಗಿ ನಿಂತು, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ಪರೀಕ್ಷಿಸಲಿ. ಒಮ್ಮೆಗೇ ನಾಲ್ಕು ಭಾಗಗಳನ್ನು ಹೊಸದಾಗಿ ಹಾಕಿದರೆ ಗಾಡಿ ಹೊರಟರೂ ಹೊರಡಬಹುದು. ದೋಷ ಎಲ್ಲಿತ್ತೆಂಬುದು ಮಾತ್ರ ಇಬ್ಬರಿಗೂ ತಿಳಿಯದು, ಹಣವೂ ಉಳಿಯದು.