ಮನೆಯೂ ಔಚಿತ್ಯವೂ: ಲಾರಿ ಬೇಕರರ ವಾಸ್ತುದೃಷ್ಟಿ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕಾವ್ಯದ ಜೀವವು ಔಚಿತ್ಯದಲ್ಲಿದೆಯೆಂದು ಕಾಶ್ಮೀರದ ಕ್ಷೇಮೇಂದ್ರನು ಹನ್ನೊಂದನೆಯ ಶತಮಾನದಲ್ಲಿ ಪ್ರತಿಪಾದಿಸಿದನು. ಅಲಂಕಾರವು ಎಷ್ಟೇ ಬೆಲೆಯುಳ್ಳದ್ದಾದರೂ ತನ್ನ ಎಡೆಯಲ್ಲಿ ಇಲ್ಲದಿದ್ದರೆ ಅದು ಭಾರವೇ ಹೊರತು ಶೋಭೆಯಲ್ಲ. ಈ ತತ್ತ್ವವು ಮನೆಗೂ ಸಲ್ಲುತ್ತದೆಂಬುದನ್ನು ನಾವಿರುವ ಈ ಕೇರಳದಲ್ಲಿಯೇ ಕಟ್ಟಿ ತೋರಿಸಿದವರು ಲಾರಿ ಬೇಕರರು. ಕನ್ನಡದ ಉಪಾಧ್ಯಾಯನಿಗೆ ವಾಸ್ತುಶಿಲ್ಪದ ಗೊಡವೆಯೇಕೆಂದು ಕೇಳುವಿರಾದರೆ, ಮನೆ ಕಟ್ಟುವ ಕಷ್ಟವು ಎಲ್ಲ ಗೃಹಸ್ಥರಿಗೂ ಸಮಾನವೆಂಬುದೇ ನನ್ನ ಉತ್ತರ.

ಬೇಕರರು 1917ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಜನಿಸಿ ಅಲ್ಲಿಯೇ ವಾಸ್ತುವಿದ್ಯೆಯನ್ನು ಕಲಿತರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಚೀನಾದಲ್ಲಿ ರೋಗಿಗಳ ಸೇವೆ ಮಾಡಿ ಹಿಂದಿರುಗುವಾಗ, ಮುಂಬಯಿಯಲ್ಲಿ ಹಡಗಿಗಾಗಿ ಕಾಯುತ್ತಿದ್ದ ದಿನಗಳಲ್ಲಿ, ಅವರಿಗೆ ಗಾಂಧೀಜಿಯವರ ದರ್ಶನವಾಯಿತು. ಐದು ಮೈಲಿಯ ಸುತ್ತಳತೆಯಲ್ಲಿ ದೊರೆಯುವ ಸಾಮಗ್ರಿಯಿಂದಲೇ ಮನೆ ಏಳಬೇಕೆಂಬ ಗಾಂಧೀಜಿಯವರ ಆದರ್ಶವನ್ನು ಅವರು ಕಡೆಯವರೆಗೂ ನೆನೆಯುತ್ತಿದ್ದರು. 1945ರಲ್ಲಿ ಕುಷ್ಠರೋಗಿಗಳ ಆಸ್ಪತ್ರೆಗಳ ಕಟ್ಟಡದ ಕೆಲಸಕ್ಕಾಗಿ ಭಾರತಕ್ಕೆ ಬಂದರು. ಮಲೆಯಾಳಿ ವೈದ್ಯೆಯನ್ನು ವಿವಾಹವಾಗಿ ಹಿಮಾಲಯದ ಪಿಥೋರಾಗಢದಲ್ಲಿ ಹಲವು ವರ್ಷ ನೆಲಸಿದರು. ಪಾಠಶಾಲೆಯಲ್ಲಿ ಕಲಿತುದಕ್ಕಿಂತ ಹೆಚ್ಚಿನದನ್ನು ಅಲ್ಲಿನ ಹಳ್ಳಿಗರ ಕಲ್ಲು, ಮಣ್ಣು, ಮರದ ಮನೆಗಳು ಅವರಿಗೆ ಕಲಿಸಿದುವು. 1963ರಲ್ಲಿ ಕೇರಳಕ್ಕೆ ಬಂದು, ಮುಂದೆ ತಿರುವನಂತಪುರದಲ್ಲಿ ನೆಲೆನಿಂತರು. ಭಾರತದ ಪೌರತ್ವವನ್ನು ಪಡೆದು, 1990ರಲ್ಲಿ ಪದ್ಮಶ್ರೀ ಗೌರವಕ್ಕೆ ಪಾತ್ರರಾಗಿ, 2007ರಲ್ಲಿ ಕಾಲವಶರಾದರು.

ಅವರು ಕಟ್ಟಿದ ಬಗೆಯನ್ನು ಸ್ವಲ್ಪ ನೋಡೋಣ. ಇಟ್ಟಿಗೆಗಳನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಗೋಡೆ ಎಬ್ಬಿಸುವ ಕ್ರಮವೊಂದುಂಟು. ಇಲಿಬೋನಿನ ಹೆಸರಿನಿಂದ ಕರೆಯುವ ಈ ಹಳೆಯ ಪದ್ಧತಿಗೆ ಅವರು ನಮ್ಮ ನಾಡಿನಲ್ಲಿ ಪ್ರಚಾರ ತಂದರು. ಗೋಡೆಯ ದಪ್ಪ ಒಂಬತ್ತು ಅಂಗುಲವೇ. ಆದರೆ ಇಟ್ಟಿಗೆಯಲ್ಲಿ ಸುಮಾರು ಕಾಲು ಭಾಗ ಉಳಿಯುತ್ತದೆ. ಒಳಗಿನ ಗಾಳಿಯು ಬಿಸಿಲಿನ ಬೇಗೆಯನ್ನೂ ತಡೆಯುತ್ತದೆ. ಕಿಟಕಿಯ ಮರ, ಗಾಜುಗಳ ವೆಚ್ಚವನ್ನು ತಗ್ಗಿಸಲು ಇಟ್ಟಿಗೆಯಲ್ಲಿಯೇ ಜಾಲಂಧ್ರಗಳನ್ನು ಬಿಟ್ಟರು. ಬೆಳಕು ಸೋಸಿ ಬರುತ್ತದೆ, ಗಾಳಿ ಆಡುತ್ತದೆ. ಗೋಡೆಗೆ ಸಾರಣೆಯನ್ನು ಸಾಧ್ಯವಾದಲ್ಲೆಲ್ಲ ಬಿಟ್ಟರು.

ತಾರಸಿಯ ವಿಷಯವಂತೂ ನಮಗೆ ಹತ್ತಿರವಾದುದು. ಕಾಂಕ್ರೀಟಿನ ಹಲಗೆಯು ಬಾಗುವಾಗ ಅದರ ಕೆಳಭಾಗದ ಸೆಳೆತವನ್ನು ತಾಳುವುದು ಕಬ್ಬಿಣದ ಸರಳು, ಕಾಂಕ್ರೀಟಲ್ಲ. ಅಲ್ಲಿ ಕೆಲಸವಿಲ್ಲದೆ ಕುಳಿತ ಕಾಂಕ್ರೀಟಿಗೆ ಬದಲಾಗಿ ಬೇಕರರು ಹಗುರವಾದ ಮಂಗಳೂರು ಹಂಚನ್ನು ಇರಿಸಿದರು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹೊರಟು ನಮ್ಮ ಹಿರಿಯರ ಮಾಡನ್ನೇರಿದ ಅದೇ ಹಂಚು! ನಾವು ಹಳೆಯದೆಂದು ಕೆಳಗಿಳಿಸುವುದನ್ನು ಅವರು ಹೊಸ ಕಟ್ಟಡದೊಳಗೆ ಕೂರಿಸಿದರು.

ಅಗ್ಗದ ವಿಧಾನವು ಬಡವರ ಗುಡಿಸಲಿಗೆ ಮಾತ್ರ ಎನ್ನುವವರು ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರವನ್ನು ನೋಡಬೇಕು. ಅರ್ಥಶಾಸ್ತ್ರಜ್ಞ ಕೆ. ಎನ್. ರಾಜರ ನೇತೃತ್ವದ ಆ ವಿದ್ಯಾಕೇಂದ್ರವನ್ನು ಬೇಕರರು 1970ರ ದಶಕದಲ್ಲಿ ಗುಡ್ಡದ ಇಳಿಜಾರನ್ನೂ ಮರಗಳನ್ನೂ ಅನುಸರಿಸಿ ಕಟ್ಟಿದರು. 1985ರಲ್ಲಿ ಮಾಜಿ ಮುಖ್ಯಮಂತ್ರಿ ಸಿ. ಅಚ್ಯುತ ಮೇನೋನ್, ರಾಜ್ ಮೊದಲಾದವರೊಡನೆ ಸೇರಿ ಸ್ಥಾಪಿಸಿದ ಕಾಸ್ಟ್‌ಫೋರ್ಡ್ ಸಂಸ್ಥೆಯು ಈ ವಿದ್ಯೆಯನ್ನು ಮೇಸ್ತ್ರಿಗಳಿಗೂ ಎಂಜಿನಿಯರರಿಗೂ ಮುಟ್ಟಿಸಿತು. ಬಡವನ ಮನೆಯೂ ವಾಸ್ತುಶಿಲ್ಪಿಯ ಬುದ್ಧಿಗೆ ತಕ್ಕ ವಿಷಯವೆಂಬ ಮಾನ್ಯತೆ ಬಂದುದರಲ್ಲಿ ಅವರ ಪಾಲು ದೊಡ್ಡದು.

ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಬೇಕರರ ಹೆಸರಿನಲ್ಲಿ ಕೆಂಪು ಇಟ್ಟಿಗೆಯ ಮುಖವನ್ನಷ್ಟೇ ನಕಲು ಮಾಡುವವರಿದ್ದಾರೆ. ಅನುಕರಣ ಬೇರೆ, ಅನುಸರಣ ಬೇರೆ. ನಮ್ಮ ಕಾಸರಗೋಡಿನ ನೆಲದಲ್ಲಿ ಕಾಲ ಕೆಳಗೇ ಮುರಕಲ್ಲಿದೆ. ಕಡಿಯುವಾಗ ಮೃದು, ಗಾಳಿಗೆ ಆರಿದಾಗ ಗಟ್ಟಿ. ಅದನ್ನು ಬಿಟ್ಟು ದೂರದಿಂದ ಇಟ್ಟಿಗೆ ತರಿಸಿ ಇದು ಬೇಕರರ ಮನೆ ಎಂದರೆ ಐದು ಮೈಲಿಯ ಆದರ್ಶಕ್ಕೆ ಎಲ್ಲಿ ಎಡೆ? ಅಂತೆಯೇ ಒಳ್ಳೆಯ ಮುರಕಲ್ಲಿನ ಗೋಡೆ ಕಟ್ಟಿ, ನೆರೆಯವರು ಏನೆನ್ನುವರೋ ಎಂಬ ಅಂಜಿಕೆಯಿಂದ ಅದನ್ನು ಸಿಮೆಂಟಿನಲ್ಲಿ ಮುಚ್ಚಿ, ಬಣ್ಣಕ್ಕಾಗಿ ಸಾಲದ ಮೇಲೆ ಸಾಲ ಮಾಡುವುದೂ ವಿವೇಕವಲ್ಲ. ಮಳೆಯ ಇರಿಚಲಿಗೆ ಮಾಡಿನ ಅಂಚನ್ನು ಹೊರಚಾಚಿದರೆ ಗೋಡೆಗೆ ರಕ್ಷಣೆ ದೊರೆಯುವುದೆಂಬುದನ್ನು ನಮ್ಮ ಹಿರಿಯರು ಅರಿತಿದ್ದರು.

ಆದುದರಿಂದ, ಬಂಧುಗಳೇ, ಮನೆ ಕಟ್ಟುವಾಗ ಪ್ರತಿಯೊಂದು ವೆಚ್ಚಕ್ಕೂ ಮುನ್ನ ‘ಇದು ಅವಶ್ಯವೇ?’ ಎಂದು ಮೇಸ್ತ್ರಿಯೊಡನೆ ಕುಳಿತು ವಿಚಾರಿಸಿರಿ. ಸಾಲದ ಹೊರೆಯಿಲ್ಲದ ಮನೆಯಲ್ಲಿ ಮಕ್ಕಳ ಓದಿಗೆ ನಾಲ್ಕು ಕಾಸು ಉಳಿಯುತ್ತದೆ. ಬೇಕರರ ಪ್ರಭಾವವು ನಮ್ಮಲ್ಲಿ ಉಳಿಯಬೇಕಾದುದು ಗೋಡೆಯ ಬಣ್ಣದಲ್ಲಲ್ಲ, ಆ ಒಂದು ಪ್ರಶ್ನೆಯಲ್ಲಿ.