ಕಾಸರಕದ ನಂಜು, ಕೂಸಿನ ಬೆಚ್ಚು



ಕಾರವಾರ, ಅಂಕೋಲೆಯ ಕಡೆಯವರಿಗೆ ಕಾಸರಕದ ಮರವನ್ನು ಪರಿಚಯಿಸಬೇಕಿಲ್ಲ. ಕಿತ್ತಳೆ ಬಣ್ಣದ ಹಣ್ಣು, ಒಳಗೆ ಚಪ್ಪಟೆ ಬೀಜ. ಆ ಬೀಜದಲ್ಲಿರುವ ವಿಷ ಸ್ಟ್ರಿಕ್ನಿನ್. 1818ರಲ್ಲಿ ಫ್ರಾನ್ಸಿನ ಪೆಲೆಟಿಯೇ ಮತ್ತು ಕಾವಂಟೂ ಇದನ್ನು ಬೇರ್ಪಡಿಸಿದರು. ಈ ನಂಜೇರಿದವರು ಸಣ್ಣ ಸದ್ದಿಗೂ ಬೆಚ್ಚಿ ಸೆಟೆದುಕೊಳ್ಳುತ್ತಾರೆ. ಯಾವ ನಂಜೂ ಇಲ್ಲದೆ ಹುಟ್ಟಿನಿಂದಲೇ ಹೀಗಿರುವ ಕೂಸುಗಳೂ ಇವೆ. ಅಪರೂಪದ ಆ ಕಾಯಿಲೆ ಹೈಪರ್‌ಎಕ್ಪ್ಲೆಕ್ಸಿಯಾ.

ಎಲ್ಲ ಕೂಸುಗಳೂ ಬೆಚ್ಚುತ್ತವೆ, ಕೆಲವು ತಿಂಗಳಲ್ಲಿ ಅದು ತಾನಾಗಿ ಇಳಿಯುತ್ತದೆ. ಈ ಮಕ್ಕಳದು ಹಾಗಲ್ಲ. ಎಚ್ಚರವಿದ್ದಾಗ ಮೈಯೆಲ್ಲ ಬಿಗಿ, ನಿದ್ದೆ ಹತ್ತಿದರೆ ಸಡಿಲ. ನಡೆಯಲು ಕಲಿತ ಮೇಲೆ ಪಟಾಕಿ ಸಿಡಿದರೂ ಸಾಕು, ಕೈಯೂರದೆ ದಪ್ಪನೆ ಬೀಳುತ್ತವೆ. ಪ್ರಜ್ಞೆ ಮಾತ್ರ ತಪ್ಪಿರುವುದಿಲ್ಲ. ಮನೆಯವರು ದೃಷ್ಟಿ ತೆಗೆಯುತ್ತಾರೆ, ದಾರ ಕಟ್ಟಿಸುತ್ತಾರೆ. ಅವರನ್ನೇ ದೂರಬೇಕೇಕೆ? ವೈದ್ಯರೂ ಇದನ್ನು ಮೂರ್ಛೆರೋಗವೆಂದು ಭಾವಿಸಿದ್ದುಂಟು. 1958ರಲ್ಲಿ ಸ್ವೀಡನ್ನಿನ ಒಂದು ಕುಟುಂಬದ ವರದಿ ಬಂದಾಗಲೂ ಅದನ್ನು ಒಂದು ಬಗೆಯ ಸೆಳವೆಂದೇ ಬರೆದರು. 1962ರಲ್ಲಿ ಹಾಲೆಂಡಿನ ಕೋಕ್ ಮತ್ತು ಬ್ರೈನ್, ಇದು ವಂಶದಲ್ಲಿ ಹರಿದು ಬರುವ ಬೇರೆಯೇ ಕಾಯಿಲೆ ಎಂದರು. ಹೆಸರು ಸಿಕ್ಕಿದ್ದು 1966ರಲ್ಲಿ.

ಕಾರಣ ತಿಳಿಯಲು ಕಾಸರಕವೇ ನೆರವಾಯಿತು. ನರಗಳ ಉದ್ರೇಕವನ್ನು ತಣಿಸುವ ಗ್ಲೈಸಿನ್, ಬೆನ್ನುಹುರಿಯಲ್ಲಿ ಒಂದು ಗ್ರಾಹಕಕ್ಕೆ ಅಂಟಿ ಕೆಲಸ ಮಾಡುತ್ತದೆ. ಸ್ಟ್ರಿಕ್ನಿನ್ ಹೋಗಿ ಕೂರುವುದೂ ಅಲ್ಲೇ. 1980ರ ದಶಕದಲ್ಲಿ ವಿಜ್ಞಾನಿಗಳು ಆ ಗ್ರಾಹಕವನ್ನು ಹಿಡಿದು ಬೇರ್ಪಡಿಸಿದ್ದು ಇದೇ ವಿಷದ ಸಹಾಯದಿಂದ. 1993ರಲ್ಲಿ, ಅದನ್ನು ರೂಪಿಸುವ ಜೀನಿನಲ್ಲೇ ಈ ರೋಗಿಗಳ ದೋಷವಿದೆ ಎಂಬುದು ಗೊತ್ತಾಯಿತು. ತಂದೆತಾಯಿ ಇಬ್ಬರಿಂದಲೂ ದೋಷ ಕೂಡಿ ಬಂದು ಕಾಣಿಸುವುದೂ ಉಂಟು. ಸೋದರಸಂಬಂಧದಲ್ಲಿ ಮದುವೆಯಾದವರು ಆ ಸಂಗತಿಯನ್ನು ವೈದ್ಯರಿಗೆ ಮರೆಯದೆ ಹೇಳಬೇಕು.

ಪತ್ತೆಯ ಮೊದಲ ಪರೀಕ್ಷೆಗೆ ಕಾಸಿನ ಖರ್ಚಿಲ್ಲ. ಮೂಗಿನ ತುದಿಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಕೂಸು ತಲೆಯನ್ನು ಹಿಂದಕ್ಕೆ ಎಸೆಯುತ್ತದೆ. ಮತ್ತೆ ಮತ್ತೆ ತಟ್ಟಿದರೂ ಅದೇ. ಬೇರೆ ಮಕ್ಕಳಿಗೆ ಬೇಗ ರೂಢಿಯಾಗಿಬಿಡುತ್ತದೆ. ಮಿದುಳಿನ ಅಲೆಗಳನ್ನು ದಾಖಲಿಸುವ ಇಇಜಿ ಪರೀಕ್ಷೆ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಕ್ಲೋನಜೆಪಾಮ್ ಎಂಬ ಔಷಧಿಯಿಂದ ಹೆಚ್ಚಿನ ಮಕ್ಕಳು ಸುಧಾರಿಸುತ್ತಾರೆ. ಸೆಟೆದು ಉಸಿರುಗಟ್ಟಿದರೆ ತಲೆಯನ್ನೂ ಕಾಲುಗಳನ್ನೂ ಹೊಟ್ಟೆಯ ಕಡೆಗೆ ಬಾಗಿಸಬೇಕು. ಇಟಲಿಯ ವಿಜೆವಾನೊ 1989ರಲ್ಲಿ ತೋರಿಸಿಕೊಟ್ಟ ಈ ಉಪಾಯವನ್ನು ಇಂಥ ಕೂಸಿನ ಮನೆಯವರೆಲ್ಲ ವೈದ್ಯರಿಂದ ಕಲಿತಿರಬೇಕು. ನನ್ನ ಮಟ್ಟಿಗೆ, ಈ ಇತಿಹಾಸದಲ್ಲಿ ಜೀನಿಗಿಂತ ದೊಡ್ಡ ಶೋಧ ಇದೇ.

ನಿಮ್ಮ ಕೂಸು ಹೀಗೆ ಬೆಚ್ಚುತ್ತಿದ್ದರೆ ಮೊಬೈಲಿನಲ್ಲಿ ವಿಡಿಯೊ ಮಾಡಿ. ಅಂಕೋಲೆಯ ತಾಲೂಕು ಆಸ್ಪತ್ರೆಗೋ ಕಾರವಾರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಹೋಗಿ ಮಕ್ಕಳ ವೈದ್ಯರಿಗೆ ಅದನ್ನು ತೋರಿಸಿ. ಅವರು ಮಣಿಪಾಲಕ್ಕೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಕಳಿಸಿದರೆ ಆ ವಿಡಿಯೊ ಜೊತೆಗಿರಲಿ. ಔಷಧಿ ಶುರುವಾದ ಮೇಲೆ, ದಯವಿಟ್ಟು, ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.