ಗುರು ಕೇಳಿಸಿಕೊಂಡ, ಶಿಷ್ಯರು ಕಲ್ಲೆತ್ತಿದರು

ಇಸವಿ 1920. ಇಂಚಗೇರಿಯ ಭಾವೂಸಾಹೇಬ ಮಹಾರಾಜರು ದೇಹವಿಟ್ಟು ಆರು ವರ್ಷವಾಗಿತ್ತು. ಅವರ ಶಿಷ್ಯರಲ್ಲೊಬ್ಬರು, ಬಿಜಾಪುರದ ಮಾರವಾಡಿ ಪೇಢಿಯಲ್ಲಿ ಲೆಕ್ಕ ಬರೆದುಕೊಂಡಿದ್ದ ಸಿದ್ಧರಾಮೇಶ್ವರ, ಗುರುಬಂಧುಗಳ ಮುಂದೆ ಒಂದು ಮಾತು ತೆಗೆದರು: ಧ್ಯಾನವೇ ಕೊನೆಯ ಮೆಟ್ಟಿಲಲ್ಲ, ಅದನ್ನು ದಾಟಿಯೂ ಹೋಗಬೇಕು.

ಗುರುಬಂಧುಗಳಿಗೆ ಇದು ಸರಿ ಬರಲಿಲ್ಲ. ಮಹಾರಾಜರು ಹೇಳಿಕೊಟ್ಟದ್ದು ಧ್ಯಾನ, ಅಷ್ಟು ಸಾಕು ಎಂದರು. ಇಂಚಗೇರಿ ಸಂಪ್ರದಾಯದಲ್ಲಿ ಗುರುವಿನಿಂದ ನಾಮ ಪಡೆದವರು ದಿನವೂ ಹೊತ್ತುಹೊತ್ತಿಗೆ ಕುಳಿತು ನೇಮ ಮಾಡಬೇಕು. ಅದರ ಆಚೆಗೆ ಇನ್ನೇನೋ ಇದೆ ಎಂದರೆ ಗುರು ಕೊಟ್ಟದ್ದು ಅರೆಬರೆ ಎಂದ ಹಾಗಲ್ಲವೇ? ಅವರ ಸಿಟ್ಟಿಗೂ ಅರ್ಥವಿತ್ತು ಎನ್ನಲೇಬೇಕು.

ಸಿದ್ಧರಾಮೇಶ್ವರರು ವಾದ ಬೆಳೆಸಲಿಲ್ಲ, ಬಿಟ್ಟೂ ಕೊಡಲಿಲ್ಲ. ಬಿಜಾಪುರದಲ್ಲೇ ಒಂಬತ್ತು ತಿಂಗಳು ಕುಳಿತರು ಎನ್ನುತ್ತದೆ ಅವರ ಪರಂಪರೆ. ಅಲ್ಲಿಂದ ಎದ್ದ ಮೇಲೆ ಅವರು ಎರಡು ದಾರಿಗಳ ಮಾತಾಡಿದರು. ಒಂದು ಪಿಪೀಲಿಕಾ ಮಾರ್ಗ, ಇರುವೆಯಂತೆ ತೊಗಟೆ ಹಿಡಿದು ಹಣ್ಣಿನ ತನಕ ಹತ್ತುವುದು. ಇನ್ನೊಂದು ವಿಹಂಗಮ ಮಾರ್ಗ, ಹಕ್ಕಿಯಂತೆ ಹಾರಿ ನೇರವಾಗಿ ಹಣ್ಣಿನ ಮೇಲೆ ಕೂರುವುದು. ಭಾವೂಸಾಹೇಬರದು ಮೊದಲನೆಯದು, ತಾವು ಹೇಳುವುದು ಎರಡನೆಯದು ಎಂದರು. ಹಾಗೆಂದು ಭಾವೂಸಾಹೇಬರ ಶಿಷ್ಯತ್ವವನ್ನು ಅವರು ಬಿಡಲಿಲ್ಲ. ಗುರುವಿನ ವಿಧಾನವನ್ನು ಪ್ರಶ್ನಿಸಿಯೂ ಗುರುವಿನ ಮನೆಯಲ್ಲೇ ಉಳಿದರು.

1936ರಲ್ಲಿ ಸಿದ್ಧರಾಮೇಶ್ವರರು ತೀರಿಕೊಂಡರು. ಅದಕ್ಕೆ ಮೂರು ವರ್ಷ ಮೊದಲು ಅವರ ಬಳಿಗೆ ಬಂದ ಮುಂಬೈಯ ಬೀಡಿ ಅಂಗಡಿಯವರೊಬ್ಬರು ಮುಂದೆ ನಿಸರ್ಗದತ್ತ ಮಹಾರಾಜ್ ಎಂದು ಹೆಸರಾದರು. ಅವರ ಮಾತುಗಳನ್ನು ಮಾರಿಸ್ ಫ್ರೀಡ್‌ಮನ್ ಇಂಗ್ಲಿಷಿಗೆ ತಂದ ‘ಐ ಆಮ್ ದಟ್’ 1973ರಲ್ಲಿ ಅಚ್ಚಾಯಿತು. ಪುಸ್ತಕದ ತುಂಬ ಬಂದವರ ಪ್ರಶ್ನೆ, ಮಹಾರಾಜರ ಉತ್ತರ. ಬಂದವರು ಕೆಲವೊಮ್ಮೆ ಒಪ್ಪುವುದಿಲ್ಲ, ಪಟ್ಟು ಹಿಡಿಯುತ್ತಾರೆ, ಅಡ್ಡ ಮಾತು ಹಾಕುತ್ತಾರೆ. ಅವೆಲ್ಲ ಅಚ್ಚಿನಲ್ಲಿ ಹಾಗೆಯೇ ಉಳಿದಿವೆ.

ಈಗ ನಕ್ಷೆಯಲ್ಲಿ ಕೃಷ್ಣೆಯನ್ನು ದಾಟಿ ಜಮಖಂಡಿಗೆ ಬರೋಣ. ಆಗ ಅದು ಪಟವರ್ಧನರ ಸಂಸ್ಥಾನ. 1901ರಲ್ಲಿ ಅದೇ ಭಾವೂಸಾಹೇಬರು ಇಲ್ಲಿ ಹದಿನೈದರ ಹುಡುಗನೊಬ್ಬನಿಗೆ ನಾಮ ಕೊಟ್ಟರು. 1886ರ ಜುಲೈ 3ರಂದು ಜಮಖಂಡಿಯಲ್ಲೇ ಹುಟ್ಟಿದ ಆ ಹುಡುಗ ರಾಮಚಂದ್ರ ದತ್ತಾತ್ರೇಯ ರಾನಡೆ. ಮುಂದೆ ಅಲಹಾಬಾದ್ ವಿಶ್ವವಿದ್ಯಾಲಯದ ತತ್ವಶಾಸ್ತ್ರ ವಿಭಾಗದ ಮುಖ್ಯಸ್ಥರಾದ, ಇಂಡಿಯ ಹತ್ತಿರದ ನಿಂಬಾಳದಲ್ಲಿ ‘ಗುರುದೇವ’ ಎನಿಸಿಕೊಂಡ ರಾನಡೆ.

ಇವರ ಗುರುಪರಂಪರೆಯನ್ನೂ ಒಮ್ಮೆ ನೋಡಬೇಕು. ಭಾವೂಸಾಹೇಬರು ಉಮದಿಯ ಬ್ರಾಹ್ಮಣರು. ಅವರ ಗುರು ನಿಂಬರಗಿ ಮಹಾರಾಜರು ಲಿಂಗಾಯತರು. ಹತ್ತೊಂಬತ್ತನೆಯ ಶತಮಾನದ ಹಳ್ಳಿಗಾಡಿನಲ್ಲಿ ಬ್ರಾಹ್ಮಣನೊಬ್ಬ ಲಿಂಗಾಯತ ಗುರುವಿನ ಕಾಲಿಗೆರಗುವುದು ಸುಮ್ಮನೆ ಆಗುವ ಕೆಲಸವಲ್ಲ. ಯಾರನ್ನು ಗುರು ಎನ್ನಬೇಕು ಎಂಬ ಪ್ರಶ್ನೆ ಮನಸ್ಸಿನಲ್ಲಿ ಇತ್ಯರ್ಥವಾಗದೆ ಯಾರೂ ಹಾಗೆ ಬಾಗಲಾರರು.

ರಾನಡೆಯವರದು ಇನ್ನೊಂದು ಬಗೆ. ಗುರು ಕೊಟ್ಟ ನಾಮವನ್ನು ಜೀವನಪೂರ್ತಿ ಹಿಡಿದರು, ಜೊತೆಗೆ ಗ್ರೀಕ್ ತತ್ವಜ್ಞಾನಿಗಳನ್ನೂ ಓದಿದರು. ಅರಿಸ್ಟಾಟಲ್ ತನಗಿಂತ ಹಿಂದಿನವರನ್ನು ಟೀಕಿಸಿದ ಬಗೆಯನ್ನು ಕುರಿತು ಲೇಖನ ಬರೆದರು. ಉಪನಿಷತ್ತುಗಳ ಮೇಲೆ ಅವರ ದೊಡ್ಡ ಗ್ರಂಥ ಬಂದದ್ದು 1926ರಲ್ಲಿ. ಉಪನಿಷತ್ತಿಗೆ ಕೈ ಹಾಕಿದವರು ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರರು. ಬೃಹದಾರಣ್ಯಕದಲ್ಲಿ ಜನಕನ ಸಭೆ ತುಂಬಿದೆ. ಗಾರ್ಗಿ ಒಂದರ ಮೇಲೊಂದು ಪ್ರಶ್ನೆ ಹಾಕುತ್ತಾಳೆ. ಇನ್ನೂ ಕೇಳಿದರೆ ತಲೆ ಬಿದ್ದೀತು ಎಂದು ಯಾಜ್ಞವಲ್ಕ್ಯ ಗದರುತ್ತಾನೆ. ಗಾರ್ಗಿ ಸುಮ್ಮನಾಗುತ್ತಾಳೆ. ಕತೆ ಹೇಳುವವರು ಬಹಳ ಸಲ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಆದರೆ ಸ್ವಲ್ಪ ಹೊತ್ತಿಗೆ ಅವಳು ಅದೇ ಸಭೆಯಲ್ಲಿ ಮತ್ತೆ ಎದ್ದು ನಿಂತು ಇನ್ನೆರಡು ಪ್ರಶ್ನೆ ಕೇಳುತ್ತಾಳೆ, ಯಾಜ್ಞವಲ್ಕ್ಯ ಉತ್ತರಿಸುತ್ತಾನೆ. ಗಾರ್ಗಿಯ ತಲೆ ಬೀಳುವುದಿಲ್ಲ.

ಗದರಿದವರ ಕತೆಗಿಂತ ಕಲ್ಲೆತ್ತಿದವರ ಕತೆ ಇನ್ನೂ ಬಿಗಿಯಾದದ್ದು. ರಬಕವಿ–ಬನಹಟ್ಟಿಗೆ ಹತ್ತಿರದ ತೇರದಾಳದಲ್ಲಿ ಅಲ್ಲಮಪ್ರಭುವಿನ ದೇವಸ್ಥಾನವಿದೆ. ಆ ಅಲ್ಲಮ ಸೊನ್ನಲಿಗೆಗೆ, ಅಂದರೆ ಇಂದಿನ ಸೊಲ್ಲಾಪುರಕ್ಕೆ ಹೋದ ಪ್ರಸಂಗವನ್ನು ಶೂನ್ಯಸಂಪಾದನೆ ವಿವರವಾಗಿ ಹೇಳುತ್ತದೆ. ಅಲ್ಲಿ ಸಿದ್ಧರಾಮ ಕೆರೆ ಕಟ್ಟಿಸುತ್ತಿದ್ದಾನೆ, ಗುಡಿ ಕಟ್ಟಿಸುತ್ತಿದ್ದಾನೆ, ನೂರಾರು ಜನ ಮಣ್ಣು ಹೊರುತ್ತಿದ್ದಾರೆ. ಅಲ್ಲಮ ಬಂದವನೇ ನಿಮ್ಮ ಒಡ್ಡರಾಮ ಎಲ್ಲಿ ಎಂದು ಕೇಳುತ್ತಾನೆ. ಮಣ್ಣು ಹೊರುವವರಿಗೆ ಮೈ ಉರಿಯುತ್ತದೆ. ತಮ್ಮ ಗುರುವಿಗೆ ಹೀಗೆನ್ನುವುದೇ? ಕೈಗೆ ಸಿಕ್ಕ ಕಲ್ಲನ್ನೆಲ್ಲ ಅಲ್ಲಮನ ಮೇಲೆ ಬೀರುತ್ತಾರೆ. ಕೃತಿಯ ಪ್ರಕಾರ ಒಂದು ಕಲ್ಲೂ ಅವನಿಗೆ ತಾಗುವುದಿಲ್ಲ. ಸುದ್ದಿ ಕೇಳಿ ಸಿದ್ಧರಾಮನೂ ಕೆರಳಿಯೇ ಬರುತ್ತಾನೆ, ಆದರೆ ನಿಂತು ಮಾತಾಡುತ್ತಾನೆ. ಕಟ್ಟುವ ಕೆಲಸದಲ್ಲಿ ನೀನು ನಿನ್ನನ್ನೇ ಮರೆತೆಯಾ ಎಂಬ ಆಕ್ಷೇಪವನ್ನು ಕೇಳಿಸಿಕೊಳ್ಳುತ್ತಾನೆ, ಕೊನೆಗೆ ಅಲ್ಲಮನ ಹಿಂದೆ ಕಲ್ಯಾಣದ ದಾರಿ ಹಿಡಿಯುತ್ತಾನೆ.

ಅದೇ ಕೃತಿಯಲ್ಲಿ ಅಲ್ಲಮನಿಗೂ ಬಿಡುವಿಲ್ಲ. ಅಣ್ಣ ಅಜಗಣ್ಣನನ್ನು ಕಳೆದುಕೊಂಡು ಅಳುತ್ತ ಕುಳಿತ ಮುಕ್ತಾಯಕ್ಕನಿಗೆ ಅವನು ಸಾಂತ್ವನ ಹೇಳಲು ಹೋದರೆ, ಅರಿತವನಿಗೆ ಇಷ್ಟು ಮಾತೇಕೆ ಎಂದು ಅವಳು ಅವನನ್ನೇ ಹಿಡಿದು ಕೇಳುತ್ತಾಳೆ.

ಇಷ್ಟೆಲ್ಲ ಪ್ರಶ್ನೆಗಳು ಬೋಧೆಯ ಮೇಲೆ, ಮಾರ್ಗದ ಮೇಲೆ. ನಡತೆಯ ಮೇಲಿನ ಪ್ರಶ್ನೆ ಬೇರೆ, ಅದಕ್ಕೆ ಈ ಸೀಮೆಯ ಮಠಗಳಲ್ಲಿ ಇಷ್ಟು ಸಲೀಸಾದ ದಾರಿ ಇರಲಿಲ್ಲ. ತೈತ್ತಿರೀಯ ಉಪನಿಷತ್ತಿನ ಗುರು ಓದು ಮುಗಿಸಿ ಹೊರಟ ಶಿಷ್ಯನಿಗೆ, ನಮ್ಮಲ್ಲಿ ಒಳ್ಳೆಯದೇನಿದೆಯೋ ಅದನ್ನಷ್ಟೇ ಅನುಸರಿಸು, ಉಳಿದದ್ದನ್ನು ಬಿಡು ಎಂಬ ಅರ್ಥದಲ್ಲಿ ಹೇಳುತ್ತಾನೆ. ಅಂದರೆ ಒಳ್ಳೆಯದಲ್ಲದ್ದೂ ತನ್ನಲ್ಲಿ ಇರಬಹುದು ಎಂದು ಗುರುವೇ ಒಪ್ಪಿದಂತೆ. ಈಗ ಮಠವೆಂದರೆ ಬರೀ ಗದ್ದುಗೆಯಲ್ಲ. ಶಾಲೆ, ಹಾಸ್ಟೆಲ್, ದಾಸೋಹ, ಜಾತ್ರೆ ಎಲ್ಲ ಉಂಟು. ಬನಹಟ್ಟಿಯ ನೇಕಾರ, ಮುಧೋಳ–ಬೀಳಗಿ ಕಡೆಯ ಕಬ್ಬಿನ ರೈತ ಕೊಟ್ಟ ದೇಣಿಗೆ ಅದರಲ್ಲಿ ಸೇರಿರುತ್ತದೆ. ಆ ಲೆಕ್ಕ ಕೇಳಿದವನನ್ನು ಭಕ್ತಿಗೇಡಿ ಎನ್ನುವುದು ಸೊನ್ನಲಿಗೆಯ ಕಲ್ಲಿನ ಜಾತಿಯದೇ.

ಹಾಗೆಂದು ಎಲ್ಲ ಆಕ್ಷೇಪವೂ ಗುರುವಿನ ಎದುರಿಗೇ ಇತ್ಯರ್ಥವಾಗುವುದಿಲ್ಲ. ಬಾಗಲಕೋಟೆ ಜಿಲ್ಲೆಯ ಕೂಡಲಸಂಗಮದಲ್ಲಿ ಪೀಠ ಹೊಂದಿದ್ದ ಮಾತೆ ಮಹಾದೇವಿಯವರು ‘ಬಸವ ವಚನ ದೀಪ್ತಿ’ಯಲ್ಲಿ ಬಸವಣ್ಣನವರ ಅಂಕಿತವಾದ ಕೂಡಲಸಂಗಮದೇವವನ್ನು ತೆಗೆದು ಲಿಂಗದೇವ ಎಂದು ಹಾಕಿದರು. ಬಸವಭಕ್ತರಲ್ಲೇ ದೊಡ್ಡ ಗದ್ದಲವೆದ್ದಿತು. ವಚನದ ಅಂಕಿತ ಬದಲಿಸಲು ನೀವು ಯಾರು ಎಂಬ ಪ್ರಶ್ನೆ ನ್ಯಾಯವಾದದ್ದೇ, ಅದನ್ನು ಯಾವ ಗುರುವಿಗೂ ಕೇಳಬಹುದು. ಆದರೆ ಅದು ಚರ್ಚೆಯಲ್ಲಿ ನಿಲ್ಲದೆ ಸರ್ಕಾರದ ಮೇಜಿಗೆ ಹೋಯಿತು, 1998ರಲ್ಲಿ ಪುಸ್ತಕಕ್ಕೆ ನಿಷೇಧ ಬಿತ್ತು. ಮಾತಾಜಿ ಹೈಕೋರ್ಟಿಗೆ ಹೋದರು, ಸುಪ್ರೀಂ ಕೋರ್ಟಿಗೂ ಹೋದರು. 2017ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನಿಷೇಧವನ್ನು ಎತ್ತಿಹಿಡಿಯಿತು. 2019ರ ಮಾರ್ಚ್ 14ರಂದು ಅವರು ತೀರಿಕೊಂಡರು. ಸುಮಾರು ಎರಡು ದಶಕ ಓಡಿದ ಈ ವಾದದಲ್ಲಿ ಭಕ್ತರ ಪರವಾಗಿ ಪ್ರಶ್ನೆ ಕೇಳಿದವರು ವಕೀಲರು, ಗುರುವಿನ ಪರವಾಗಿ ಉತ್ತರ ಕೊಟ್ಟವರೂ ವಕೀಲರು.